ವನ್ ಪೀಸ್ ಮಾಂಗಾ ಮೊದಲ ಸಲ ಓದುವವರಿಗೆ: ಎಲ್ಲಿಂದ ಶುರು, ಪುಸ್ತಕವೋ ಮೊಬೈಲೋ?

ಸೋಂದಾ_ದಾರಿ (ಶಿರಸಿ)
ಅಕ್ಕನ ಮಗ, ಎಂಟನೇ ಕ್ಲಾಸು. ನೆಟ್‌ಫ್ಲಿಕ್ಸ್‌ನಲ್ಲಿ ಕಡಲ್ಗಳ್ಳರ ಕಥೆ ವನ್ ಪೀಸ್ (ನಟರು ಮಾಡಿದ್ದು) ಮೊದಲ ಸೀಸನ್ ನೋಡಿ ಮುಗಿಸಿದ್ದಾನೆ, ಈಗ ಅದರ ಮೂಲ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬೇಕಂತೆ. ಜೊತೆಗೆ ನಾನೂ ಓದುವ ಅಂತ. ಆದರೆ 1,100 ಚಾಪ್ಟರ್ ದಾಟಿದೆ ಅಂತ ಗೊತ್ತಾದ ಮೇಲೆ ಎಲ್ಲಿ ಕೈ ಹಾಕುವುದು ಅಂತಲೇ ತಿಳಿಯುತ್ತಿಲ್ಲ. ಸೀರೀಸ್ ಮುಗಿದಲ್ಲಿಂದ ಮುಂದೆ ಓದಿದರೆ ಸಾಕಾ? ಪುಸ್ತಕ ತರಿಸುವುದಾ, ಮೊಬೈಲಿನಲ್ಲಿ ಓದುವುದಾ? ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. 13 ವರ್ಷದವನ ಕೈಗೆ ಕೊಡಬಹುದಾ ಅನ್ನುವುದನ್ನೂ ಹೇಳಿ. ದಯವಿಟ್ಟು ಮುಂದಿನ ಕಥೆ ಒಡೆಯಬೇಡಿ.

ಕಾಳಿ_ದಂಡೆ (ಕಾರವಾರ)
ಒಂದನೇ ಚಾಪ್ಟರಿನಿಂದಲೇ ಓದಿ, ಇದರಲ್ಲಿ ಎರಡು ಮಾತಿಲ್ಲ.

ಮೊದಲ ಸೀಸನ್ ಎಂಟು ಎಪಿಸೋಡಿನಲ್ಲಿ ಮೀನುಮನುಷ್ಯ ಆರ್ಲಾಂಗನ ನೆಲೆಯಾದ ಆರ್ಲಾಂಗ್ ಪಾರ್ಕ್ ಕಥೆಯ ತನಕ ಹೋಗುತ್ತದೆ. ಮಾಂಗಾದಲ್ಲಿ ಅದು ಚಾಪ್ಟರ್ 95. ಹಾಗಾದರೆ 96ರಿಂದ ಹಿಡಿದರಾಯ್ತಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಮುಂದೆ ಸಿಕ್ಕಿಬೀಳುತ್ತಾರೆ. ಎಂಟು ಎಪಿಸೋಡಿಗೆ ಹಿಡಿಸಲು ಪಾತ್ರಗಳನ್ನೇ ತೆಗೆದಿದ್ದಾರೆ. ಆರ್ಲಾಂಗನ ಕಡೆಯ ಆರು ಕೈಯ ಆಕ್ಟೋಪಸ್ ಮೀನುಮನುಷ್ಯ ಹಾಚಿ ಸೀರೀಸಿನಲ್ಲಿ ಇಲ್ಲವೇ ಇಲ್ಲ. ಸಿರಪ್ ಹಳ್ಳಿಯ ಸಮ್ಮೋಹನಗಾರ ಜಾಂಗೋ ಇಲ್ಲ, ಜಾನಿ–ಯೊಸಾಕು ಜೋಡಿ ಇಲ್ಲ. ಬಾರಾತಿಯೆ ಹಡಗು-ಹೋಟೆಲಿನಲ್ಲಿ ಡಾನ್ ಕ್ರೀಗ್ ಜೊತೆ ನಡೆಯುವ ದೊಡ್ಡ ಕಾಳಗವನ್ನು ಪೂರ್ತಿ ಕತ್ತರಿಸಿದ್ದಾರೆ. ಈ ಲೇಖಕ ಒಮ್ಮೆ ಬರೆದ ಪಾತ್ರವನ್ನು ಸುಮ್ಮನೆ ಬಿಡುವವನಲ್ಲ. ಹಾಚಿ ನಾಲ್ಕುನೂರು ಚಾಪ್ಟರ್ ಕಳೆದು ಮತ್ತೆ ಬರುತ್ತಾನೆ, ಆಗ ಕಥಾನಾಯಕ ಲುಫಿಯ ತಂಡದ ನಾಮಿ ಮತ್ತು ಅವನ ನಡುವೆ ಏನಾಗಿತ್ತು ಅಂತ ಗೊತ್ತಿಲ್ಲದಿದ್ದರೆ ಆ ಭಾಗದ ತೂಕವೇ ಹೋಗುತ್ತದೆ.

ಇದರ ತಿರುಗು ಮುರುಗು ಕೂಡ ಆಗಿದೆ. ನೌಕಾದಳದ ಹಿರಿಯ ಅಧಿಕಾರಿಯೊಬ್ಬನ ಸಂಬಂಧದ ಗುಟ್ಟು ಮಾಂಗಾದಲ್ಲಿ 400 ಚಾಪ್ಟರ್ ದಾಟಿದ ಮೇಲೆ ಬಿಚ್ಚಿಕೊಳ್ಳುತ್ತದೆ, ಸೀರೀಸಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಾರೆ. ಹುಡುಗನಿಗೆ ಅದು ಗೊತ್ತಿದೆ. ನಿಮಗೆ ಗೊತ್ತಿಲ್ಲದಿದ್ದರೆ ಅವನ ಬಾಯಿ ಮುಚ್ಚಿಸಿಡಿ.

ಅಘನಾಶಿನಿ_ಅಳಿವೆ (ಕುಮಟಾ)
ಮೇಲಿನವರು ಹೇಳಿದ್ದು ಸರಿ. ಪುಸ್ತಕದ ಲೆಕ್ಕ ಕೊಡುತ್ತೇನೆ.

ಐಚಿರೊ ಓಡಾ 1997ರ ಜುಲೈ 22ರಂದು ಜಪಾನಿನ ವಾರಪತ್ರಿಕೆ ಶೋನೆನ್ ಜಂಪ್‌ನಲ್ಲಿ ಇದನ್ನು ಶುರುಮಾಡಿದಾಗ ಅವನ ವಯಸ್ಸು 22. ಐದು ವರ್ಷದಲ್ಲಿ ಮುಗಿಯುತ್ತದೆ ಅಂತ ಅಂದಾಜಿತ್ತು. 2021ರಲ್ಲಿ ನೂರನೇ ಸಂಪುಟ ಬಂತು. ಕೊನೆಯ ಘಟ್ಟ ಶುರುವಾಗಿದ್ದು 2022ರ ಜುಲೈಯಲ್ಲಿ. ಒಂದು ಸಂಪುಟ ಅಂದರೆ ಒಂಬತ್ತರಿಂದ ಹನ್ನೊಂದು ಚಾಪ್ಟರ್, ಸುಮಾರು 200 ಪುಟ.

ಇಂಗ್ಲಿಷಿನಲ್ಲಿ ವಿಜ್ ಪ್ರಕಾಶನದ್ದು ಮೂರು ರೂಪದಲ್ಲಿ ಸಿಗುತ್ತದೆ: ಬಿಡಿ ಸಂಪುಟ, ಮೂರು ಸಂಪುಟ ಒಂದರಲ್ಲೇ ಸೇರಿಸಿದ ತ್ರೀ-ಇನ್-ವನ್, ಮತ್ತೆ ಬಾಕ್ಸ್ ಸೆಟ್. ಹೊಸಬರಿಗೆ ನನ್ನ ಮತ ತ್ರೀ-ಇನ್-ವನ್‌ಗೆ, ಅದೂ ಮೊದಲ ನಾಲ್ಕು ಪುಸ್ತಕ ಮಾತ್ರ. ಅದರಲ್ಲಿ ಸಂಪುಟ 1ರಿಂದ 12 ಬರುತ್ತದೆ. ಕಥೆಯ ಮೊದಲ ಭಾಗವಾದ ಈಸ್ಟ್ ಬ್ಲೂ ಮುಗಿಯುವುದು ಚಾಪ್ಟರ್ 100ಕ್ಕೆ, ಅದು ಹನ್ನೆರಡನೇ ಸಂಪುಟದ ಮೊದಲ ಚಾಪ್ಟರು. ಅಲ್ಲಿಗೆ ಹಿಡಿಸಿತೋ ಇಲ್ಲವೋ ಅಂತ ಖಂಡಿತ ಗೊತ್ತಾಗಿರುತ್ತದೆ. ಹಿಡಿಸದಿದ್ದರೆ ನಾಲ್ಕೇ ಪುಸ್ತಕದ ದುಡ್ಡು ಹೋದ ಹಾಗೆ.

ತ್ರೀ-ಇನ್-ವನ್‌ನ ಕೊರತೆ ಏನೆಂದರೆ ದಪ್ಪ. ಆರುನೂರು ಪುಟ ಅಂಟಿನಿಂದ ಹಿಡಿದು ನಿಂತಿರುತ್ತದೆ. ಎರಡು ಪುಟಕ್ಕೂ ಹರಡಿದ ದೊಡ್ಡ ಚಿತ್ರ ಬಂದಾಗ ನಡುಭಾಗ ಬೆನ್ನಿನೊಳಗೆ ಹೋಗಿಬಿಡುತ್ತದೆ. ಅದನ್ನು ನೋಡಲು ಜೋರಾಗಿ ಬಿಡಿಸಿದರೆ ಬೆನ್ನು ಸೀಳುತ್ತದೆ. ಹೊಸ ಪುಸ್ತಕವನ್ನು ಮೊದಲು ಎರಡೂ ತುದಿಯಿಂದ ಇಪ್ಪತ್ತು ಮೂವತ್ತು ಪುಟದಂತೆ ಸ್ವಲ್ಪ ಸ್ವಲ್ಪ ಒತ್ತಿ ನಡುವಿನ ಕಡೆ ಬನ್ನಿ, ಆಮೇಲೆ ಓದಿ. ಅಷ್ಟು ಮಾಡಿದರೆ ಬಾಳಿಕೆ ಬರುತ್ತದೆ.

ಬಾಕ್ಸ್ ಸೆಟ್ ತರಿಸುವುದಾದರೆ ಒಂದು ಸಣ್ಣ ಕಿರಿಕಿರಿ ತಿಳಿದಿರಲಿ. ಮೊದಲ ಸೆಟ್ ಸಂಪುಟ 23ಕ್ಕೆ, ಅಂದರೆ ಚಾಪ್ಟರ್ 216ಕ್ಕೆ ನಿಲ್ಲುತ್ತದೆ. ಆದರೆ ಅಲಬಾಸ್ಟಾ ಕಥೆಗೆ ಪೂರ್ಣವಿರಾಮ ಬೀಳುವುದು 217ರಲ್ಲಿ, ಅದು ಎರಡನೇ ಸೆಟ್ಟಿನ ಮೊದಲ ಪುಸ್ತಕದಲ್ಲಿದೆ. ಎರಡನೇ ಸೆಟ್ 24–46, ಮೂರನೆಯದು 47–70, ನಾಲ್ಕನೆಯದು 71–90.

ಬೈತಖೋಲ_ಬೋಟು (ಕಾರವಾರ)
ಇಷ್ಟೆಲ್ಲ ಯಾಕೆ ಮಾರಾಯ್ರೆ, ಆನಿಮೆ (ಜಪಾನಿ ಕಾರ್ಟೂನ್ ಸರಣಿ) ನೋಡಿದರೆ ಆಯ್ತಲ್ಲ? ಬಣ್ಣ ಇದೆ, ಸಂಗೀತ ಇದೆ.

ಕಾಳಿ_ದಂಡೆ (ಕಾರವಾರ)
@ಬೈತಖೋಲ_ಬೋಟು ಲೆಕ್ಕ ಹಾಕಿ ನೋಡಿ. ಒಂದು ಚಾಪ್ಟರಿಗೆ ಸರಾಸರಿ 8 ನಿಮಿಷ ಅಂದರೂ 1,100 ಚಾಪ್ಟರಿಗೆ 147 ಗಂಟೆ ಸಾಕು. ಆನಿಮೆಯೂ 1,100 ಎಪಿಸೋಡ್ ದಾಟಿದೆ, ಹಾಡು ಗೀಡು ಬಿಟ್ಟು ತಲಾ 20 ನಿಮಿಷ ಹಿಡಿದರೆ 367 ಗಂಟೆ. ಎರಡೂವರೆ ಪಟ್ಟು.

ಸಮಯ ಹೋಗಲಿ, ವೇಗದ ಸಮಸ್ಯೆ ಬೇರೆ. ಆನಿಮೆ 1999ರಿಂದ ವಾರವಾರ ಮಾಂಗಾದ ಬೆನ್ನಿಗೇ ಓಡಿದ್ದರಿಂದ ಎಳೆಯಲೇಬೇಕಾಯಿತು. ಡ್ರೆಸ್‌ರೋಸಾ ಭಾಗ ಮಾಂಗಾದಲ್ಲಿ 700ರಿಂದ 801, ಒಟ್ಟು 102 ಚಾಪ್ಟರ್. ಅದಕ್ಕೆ ಆನಿಮೆಯವರು ಹಾಕಿದ್ದು 629ರಿಂದ 746ರ ತನಕ, 118 ಎಪಿಸೋಡ್. ಹದಿನೇಳು ಪುಟದ ಚಾಪ್ಟರನ್ನು ಒಂದು ಎಪಿಸೋಡಿಗೂ ಜಾಸ್ತಿ ಎಳೆದರೆ ಏನಾಗುತ್ತದೆ? ಒಬ್ಬ ಓಡುತ್ತಾನೆ, ಉಳಿದವರು ಬಾಯಿ ಬಿಟ್ಟು ನೋಡುತ್ತಾರೆ, ಮತ್ತೆ ಒಬ್ಬ ಓಡುತ್ತಾನೆ.

ಬೇಕಾದರೆ ಒಂದು ಆರ್ಕ್ (ಕಥೆಯ ಒಂದು ಭಾಗ) ಓದಿ ಮುಗಿಸಿ, ಅದರಲ್ಲಿ ಇಷ್ಟವಾದ ಕಾಳಗ ಮಾತ್ರ ಆನಿಮೆಯಲ್ಲಿ ನೋಡಿ.

ಬೈತಖೋಲ_ಬೋಟು (ಕಾರವಾರ)
ಒಪ್ಪಿದೆ. ಹಾಗಾದರೆ ಟ್ರಾಲಿಂಗ್ ನಿಷೇಧದಲ್ಲಿ ಓದುವ ಲೆಕ್ಕ: ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ದಿನಕ್ಕೆ 18 ಚಾಪ್ಟರ್ ಹೊಡೆದರೆ 1,098. ಬೋಟು ನೀರಿಗಿಳಿಸುವ ಹೊತ್ತಿಗೆ ಲುಫಿಯೂ ಕೊನೆಯ ಘಟ್ಟದಲ್ಲಿ ಇರುತ್ತಾನೆ.

ಮಾಗೋಡು_ಜಲಪಾತ (ಯಲ್ಲಾಪುರ)
ದಿನಕ್ಕೆ 18 ಓದಿದರೆ ಎರಡೂವರೆ ಗಂಟೆ ಹತ್ತಿರ ಆಯ್ತು. ಶುರುವಿನಲ್ಲಿ ಸಲೀಸು, ಆಮೇಲೆ ಆಗುವುದಿಲ್ಲ. ಮೊದಲ ನೂರು ಚಾಪ್ಟರಿನಲ್ಲಿ ಪುಟಕ್ಕೆ ನಾಲ್ಕೈದು ಚೌಕ, ದೊಡ್ಡ ಚಿತ್ರ, ಕಮ್ಮಿ ಮಾತು, ಐದಾರು ನಿಮಿಷ ಸಾಕು. 700 ದಾಟಿದ ಮೇಲೆ ಅದೇ ಜಾಗದಲ್ಲಿ ಹತ್ತು ಹನ್ನೆರಡು ಚೌಕ ತುರುಕಿರುತ್ತಾನೆ, ಹಿಂದೆ ನಿಂತವರೂ ಮಾತಾಡುತ್ತಾರೆ. ಚಾಪ್ಟರಿಗೆ ಹನ್ನೆರಡು ನಿಮಿಷ ಇಟ್ಟುಕೊಳ್ಳಿ. ಚಾಪ್ಟರ್ ಲೆಕ್ಕಕ್ಕಿಂತ ಒಂದು ಸಲಕ್ಕೆ ಒಂದು ಸಂಪುಟ ಅಂತ ಓದುವುದು ಒಳ್ಳೆಯದು.

ಮೊದಲ ಸಲ ಮಾಂಗಾ ಹಿಡಿದವರಿಗೆ ಕಣ್ಣು ಪಳಗಲು ಸ್ವಲ್ಪ ಸಮಯ ಬೇಕು. ಪುಸ್ತಕ ನಮ್ಮ ಕಡೆಯ ಹಿಂಬದಿಯಿಂದ ತೆರೆಯುತ್ತದೆ. ಪ್ರತಿ ಪುಟದಲ್ಲಿ ಮೇಲಿನ ಬಲ ಮೂಲೆಯಿಂದ ಎಡಕ್ಕೆ, ಆಮೇಲೆ ಕೆಳಗೆ. ಚೌಕದ ಒಳಗಿನ ಮಾತಿನ ಗುಳ್ಳೆಗಳಿಗೂ ಅದೇ ಕ್ರಮ. ಹೊಸಬರು ಚೌಕಗಳನ್ನು ಸರಿಯಾಗಿ ಬಲದಿಂದ ಹಿಡಿಯುತ್ತಾರೆ, ಆದರೆ ಗುಳ್ಳೆಗಳನ್ನು ಅಭ್ಯಾಸಬಲದಿಂದ ಎಡದಿಂದ ಓದಿ ಉತ್ತರ ಮೊದಲು, ಪ್ರಶ್ನೆ ಆಮೇಲೆ ಮಾಡಿಕೊಳ್ಳುತ್ತಾರೆ. ಮಾತು ತಾಳ ತಪ್ಪಿದೆ ಅನ್ನಿಸಿದರೆ ಅನುವಾದವನ್ನು ಬೈಯುವ ಮೊದಲು ಇದನ್ನು ನೋಡಿ. ಚೌಕಗಳ ನಡುವಿನ ಸಂದು ಬಿಳಿಯ ಬದಲು ಕಪ್ಪಾಗಿದ್ದರೆ ಅದು ಹಿಂದಿನ ಕಾಲದ ಕಥೆ. ಬಿಳಿ ಮರಳಿದಲ್ಲಿ ವರ್ತಮಾನಕ್ಕೆ ಬಂದಿರಿ.

ಇನ್ನೊಂದು: ಇಂಗ್ಲಿಷ್ ಪುಸ್ತಕದಲ್ಲಿ ಲುಫಿ ತಂಡದ ಕತ್ತಿಮಲ್ಲ ಜೋರೊನ ಹೆಸರು ‘ಜೋಲೊ’ ಅಂತ ಅಚ್ಚಾಗಿರಬಹುದು. ಅದು ಅಚ್ಚಿನ ತಪ್ಪಲ್ಲ. ನಕಲಿ ಪುಸ್ತಕ ಬಂತು ಅಂತ ವಾಪಸ್ ಕಳಿಸಬೇಡಿ.

ಅಘನಾಶಿನಿ_ಅಳಿವೆ (ಕುಮಟಾ)
ನಕಲಿ ಮಾತು ಬಂತಲ್ಲ. ಕಡಲ್ಗಳ್ಳರ ಕಥೆಗೆ ಕಳ್ಳ ಮುದ್ರಣ ಬೇಕಾದಷ್ಟಿದೆ. ಬೂದು ಬಣ್ಣದ ಭಾಗವನ್ನು ಹತ್ತಿರದಿಂದ ನೋಡಿ. ಅಸಲಿಯಲ್ಲಿ ಸಣ್ಣ ಚುಕ್ಕಿಗಳು ಒಂದೊಂದಾಗಿ ಕಾಣುತ್ತವೆ. ಅಚ್ಚಾದ ಪುಟವನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಚುಕ್ಕಿಗಳು ಕಲಸಿ ಅಲೆಅಲೆಯ ಪಟ್ಟಿ ಏಳುತ್ತದೆ. ಕಪ್ಪು ಭಾಗ ಬೂದಿ ಬಡಿದಂತೆ ಇರುತ್ತದೆ, ಅಂಚಿನ ಮಾತುಗಳು ಕತ್ತರಿಗೆ ಸಿಕ್ಕಿರುತ್ತವೆ, ಹಕ್ಕುಸ್ವಾಮ್ಯದ ಪುಟ ಇರುವುದಿಲ್ಲ.

ನಿಸ್ಲಿ_ಪಾತಿ (ಅಂಕೋಲಾ)
ಯಾರೂ ಹೇಳಲಿಲ್ಲವಲ್ಲ, ಚಾಪ್ಟರಿನ ಮುಖಪುಟ! ಇದನ್ನು ಬಿಟ್ಟು ಓದಿದರೆ ಅರ್ಧ ಓದಿದ ಹಾಗೆ.

ಪ್ರತಿ ಚಾಪ್ಟರಿನ ಮೊದಲ ಪುಟದಲ್ಲಿ ಒಂದು ಚಿತ್ರ ಇರುತ್ತದೆ. ಸುಮ್ಮನೆ ಅಲಂಕಾರ ಅಂತ ಹೆಚ್ಚಿನವರು ತಿರುಗಿಸುತ್ತಾರೆ, ಮೊಬೈಲಿನಲ್ಲಂತೂ ಬೆರಳು ತಾನಾಗಿ ಸರಿಸಿಬಿಡುತ್ತದೆ. ಆದರೆ ಚಾಪ್ಟರ್ 35ರಿಂದ ಆ ಚಿತ್ರಗಳು ಒಂದಕ್ಕೊಂದು ಕೂಡಿ ಬೇರೆ ಕಥೆ ಹೇಳತೊಡಗುತ್ತವೆ. ಮೊದಲನೆಯದು ಸೋತು ಹಾರಿಹೋದ ಕೋಡಂಗಿ ಬಗ್ಗಿಯದು, 75ರ ತನಕ. 83ರಿಂದ 119ರ ತನಕ ಕೋಬಿ ಮತ್ತು ಹೆಲ್ಮೆಪ್ಪೊ ನೌಕಾದಳ ಸೇರಿ ಏನಾದರು ಅನ್ನುವುದು. ಮೇಲೆ ಹೇಳಿದ ಹಾಚಿಗೂ ಹೀಗೊಂದು ಸರಣಿ ಇದೆ. ವಾರಕ್ಕೊಂದು ಚಿತ್ರ, ಕೆಳಗೆ ಒಂದು ಸಾಲು, ಅಷ್ಟೇ. ಆ ಪಾತ್ರ ಮುಖ್ಯ ಕಥೆಗೆ ಮರಳಿದಾಗ ಓಡಾ ಮತ್ತೆ ವಿವರಿಸುವುದಿಲ್ಲ. ‘ಇವನು ಯಾವಾಗ ಇಲ್ಲಿಗೆ ಬಂದ? ಇಷ್ಟು ಬಲ ಎಲ್ಲಿಂದ ಬಂತು?’ ಅಂತ ಕೇಳುವವರೆಲ್ಲ ಮುಖಪುಟ ಹಾರಿಸಿದವರೇ.

ನಾಲ್ಕನೇ ಸಂಪುಟದಿಂದ ಚಾಪ್ಟರುಗಳ ಸಂದಿನಲ್ಲಿ ಎಸ್‌ಬಿಎಸ್ ಅಂತ ಓದುಗರ ಪ್ರಶ್ನೋತ್ತರವೂ ಬರುತ್ತದೆ. ಅದರಲ್ಲಿ ಅರ್ಧ ಹರಟೆ, ಅರ್ಧ ಉಪಯೋಗ. ಮೊದಲ ಓದಿಗೆ ಬಿಟ್ಟರೂ ನಷ್ಟವಿಲ್ಲ.

ಕಾಳಿ_ದಂಡೆ (ಕಾರವಾರ)
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಗೋಯಿಂಗ್ ಮೆರಿ ಹಡಗು ಚಾಪ್ಟರ್ 41ರಲ್ಲಿ ಲುಫಿ ತಂಡದ ಕೈಗೆ ಬರುತ್ತದೆ. ಅದು ಕ್ಯಾರವೆಲ್ ಜಾತಿಯ ಸಣ್ಣ ಹಡಗು, ಪೋರ್ತುಗೀಸರು ಆಫ್ರಿಕಾದ ಕರಾವಳಿ ಹುಡುಕಲು ಬಳಸುತ್ತಿದ್ದಂಥದ್ದು. ಅಲ್ಲಿಂದ ಮುಂದೆ ಹಡಗಿಗೆ ಎಲ್ಲಿ ಪೆಟ್ಟಾಯ್ತು, ಯಾರು ಹೇಗೆ ತೇಪೆ ಹಾಕಿದರು ಅಂತ ಗಮನಿಸುತ್ತ ಹೋಗಿ. ಬೇರೆ ಕಾಮಿಕ್ಸಿನಲ್ಲಿ ಮುಂದಿನ ಪುಟಕ್ಕೆ ಎಲ್ಲ ಸರಿಯಾಗಿರುತ್ತದೆ. ಇಲ್ಲಿ ತೇಪೆ ತೇಪೆಯಾಗಿಯೇ ಉಳಿಯುತ್ತದೆ. ಯಾಕೆ ಅಂತ 300 ದಾಟಿದ ಮೇಲೆ ಗೊತ್ತಾಗುತ್ತದೆ.

ಸೋಂದಾ_ದಾರಿ (ಶಿರಸಿ)
ಎಲ್ಲರಿಗೂ ಧನ್ಯವಾದ. ಇವನು ‘ಗ್ರಾಂಡ್ ಲೈನ್, ರೆಡ್ ಲೈನ್’ ಅಂತ ಏನೇನೋ ಹೇಳುತ್ತಾನೆ. ಆ ಭೂಗೋಳ ಮೊದಲೇ ತಿಳಿಯಬೇಕಾ?

ಬೈತಖೋಲ_ಬೋಟು (ಕಾರವಾರ)
ಬೇಡ, ಚಾಪ್ಟರ್ 100ರ ನಂತರ ಅವರೇ ಹೇಳುತ್ತಾರೆ. ಆದರೂ ಸುಲಭದಲ್ಲಿ: ರೆಡ್ ಲೈನ್ ಭೂಗೋಳವನ್ನು ಸುತ್ತಿದ ಒಂದೇ ಉದ್ದ ನೆಲ. ಗ್ರಾಂಡ್ ಲೈನ್ ಅದನ್ನು ಅಡ್ಡ ಕತ್ತರಿಸಿ ಹೋಗುವ ಸಮುದ್ರದ ದಾರಿ. ಎರಡೂ ಸೇರಿ ಉಳಿದ ನೀರನ್ನು ನಾಲ್ಕು ಪಾಲು ಮಾಡುತ್ತವೆ, ಲುಫಿ ಹೊರಟ ಈಸ್ಟ್ ಬ್ಲೂ ಅದರಲ್ಲೊಂದು. ಗ್ರಾಂಡ್ ಲೈನಿನ ಎರಡೂ ಬದಿ ಕಾಮ್ ಬೆಲ್ಟ್. ಅಲ್ಲಿ ಗಾಳಿಯಿಲ್ಲ, ಸೆಳೆತ ಇಲ್ಲ, ಹಾಯಿ ಹಡಗು ನಿಂತಲ್ಲೇ, ಕೆಳಗೆ ದೈತ್ಯ ಜಲಚರಗಳು. ಹಾಗಾಗಿ ಬದಿಯಿಂದ ನುಗ್ಗಲಿಕ್ಕೆ ಬರುವುದಿಲ್ಲ.

ಒಳಗೆ ಹೋದ ಮೇಲೆ ನಮ್ಮ ಮಾಮೂಲಿ ದಿಕ್ಸೂಚಿ ಕೆಲಸ ಮಾಡುವುದಿಲ್ಲ. ಪ್ರತಿ ದ್ವೀಪಕ್ಕೂ ಅದರದೇ ಅಯಸ್ಕಾಂತ ಶಕ್ತಿ. ಲಾಗ್ ಪೋಸ್ ಅನ್ನುವ ಗಾಜಿನ ಗುಂಡು ಒಂದು ದ್ವೀಪದಲ್ಲಿ ಕೂತು ಅದನ್ನು ಹೀರಿಕೊಂಡ ಮೇಲೆಯೇ ಮುಂದಿನ ದ್ವೀಪ ತೋರಿಸುತ್ತದೆ. ಅದಕ್ಕೆ ಹಿಡಿಯುವ ಸಮಯ ಒಂದೊಂದು ಕಡೆ ಒಂದೊಂದು. ಇವರು ಯಾಕೆ ಸುಮ್ಮನೆ ಹಡಗು ಹತ್ತಿ ಹೊರಡುವುದಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಇದೇ.

ತಲೆಗೆ ಕಟ್ಟಿದ ಬೆಲೆ ಮಿಲಿಯನ್‌ನಲ್ಲಿರುತ್ತದೆ. ಹತ್ತು ಮಿಲಿಯನ್ ಅಂದರೆ ಒಂದು ಕೋಟಿ ಅಂತ ತಲೆಯಲ್ಲಿ ಇಟ್ಟುಕೊಂಡರೆ ಸಲೀಸು. ಆರ್ಲಾಂಗ್ ಎರಡು ಕೋಟಿ ಬೆರಿ (ಕಥೆಯೊಳಗಿನ ಹಣ), ಲುಫಿಯ ಮೊದಲ ಪೋಸ್ಟರ್ ಮೂರು ಕೋಟಿ.

ಮಾಗೋಡು_ಜಲಪಾತ (ಯಲ್ಲಾಪುರ)
ಜನ ಎಲ್ಲಿ ಕೈಬಿಡುತ್ತಾರೆ ಅನ್ನುವುದನ್ನೂ ಹೇಳಿಬಿಡೋಣ. ಮೊದಲ ಜಾಗ ಸಿರಪ್ ಹಳ್ಳಿ, 22ರಿಂದ 41. ನಿಧಾನ ಅನ್ನಿಸುತ್ತದೆ, ತಡೆದುಕೊಳ್ಳಿ, ಮುಂದೆ ಬಾರಾತಿಯೆ 42ರಿಂದ 68, ಆರ್ಲಾಂಗ್ ಪಾರ್ಕ್ 69ರಿಂದ 95. ಇದನ್ನು ಓದಿಯೂ ಮನಸ್ಸು ಅಲುಗದಿದ್ದರೆ ಇದು ನಿಮ್ಮದಲ್ಲ, ಬಿಟ್ಟುಬಿಡಿ, ತಪ್ಪೇನಿಲ್ಲ.

ಎರಡನೆಯದು ಆಕಾಶದ ಸ್ಕೈಪಿಯಾ, 237ರಿಂದ 302. ‘ಮುಖ್ಯ ಕಥೆಗೆ ಸಂಬಂಧ ಇಲ್ಲ, ಹಾರಿಸಿ’ ಅಂತ ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಕೇಳಬೇಡಿ. ಅಲ್ಲಿಯ ಕಲ್ಲಿನ ಬರಹ ನೂರಾರು ಚಾಪ್ಟರ್ ಆದ ಮೇಲೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಮೊದಲಿನ ಜಾಯಾ, 218ರಿಂದ 236, ಚಿಕ್ಕದಾದರೂ ಇಡೀ ಕೃತಿಯ ಬೆನ್ನೆಲುಬಿನ ಒಂದು ಎಲುಬು ಅಲ್ಲಿದೆ. ಒಂದು ಹೋಟೆಲಿನ ದೃಶ್ಯದಲ್ಲಿ ಕಡುಬು ತಿನ್ನುವವನ ಮುಖ ಚೆನ್ನಾಗಿ ನೋಡಿಟ್ಟುಕೊಳ್ಳಿ, ಅಷ್ಟೇ ಹೇಳುತ್ತೇನೆ.

ನಿಸ್ಲಿ_ಪಾತಿ (ಅಂಕೋಲಾ)
ಆಟದ ಪಂದ್ಯದ ಆರ್ಕ್, 303ರಿಂದ 321, ಅದನ್ನು ಬೇಕಾದರೆ ಓಡಿಸಿ ಓದಬಹುದು, ನನಗೂ ಅದು ಸಪ್ಪೆ. ಆದರೆ 319, 320, 321 ಮಾತ್ರ ಮೆಲ್ಲಗೆ. ಅಲ್ಲಿ ನೌಕಾದಳದ ಕೇಂದ್ರದಿಂದ ಒಬ್ಬ ಬರುತ್ತಾನೆ, ಅವನು ಬಂದ ಮೇಲೆ ಮುಂದಿನ ನೂರು ಚಾಪ್ಟರಿನ ಗಾಳಿಯೇ ಬೇರೆ. 322ರಿಂದ 441, ವಾಟರ್ ಸೆವೆನ್ ಮತ್ತು ಎನೀಸ್ ಲಾಬಿ, ಇವುಗಳ ನಡುವೆ ನಿಲ್ಲಿಸಲು ಸರಿಯಾದ ಜಾಗವೇ ಇಲ್ಲ. ಪರೀಕ್ಷೆ ಹತ್ತಿರ ಇದ್ದರೆ 321ಕ್ಕೆ ಪುಸ್ತಕ ಎತ್ತಿಡಿ.

ದೀರ್ಘ ವಿಶ್ರಾಂತಿಗೆ ಒಳ್ಳೆಯ ಜಾಗ ಚಾಪ್ಟರ್ 597. ಅಲ್ಲಿ ಕಥೆಯೇ ಎರಡು ವರ್ಷ ಮುಂದಕ್ಕೆ ಜಿಗಿಯುತ್ತದೆ.

ಮಾಗೋಡು_ಜಲಪಾತ (ಯಲ್ಲಾಪುರ)
@ನಿಸ್ಲಿ_ಪಾತಿ ಆಟದ ಆರ್ಕ್ ಸಪ್ಪೆ ಅಲ್ಲ, ಅದೊಂದು ಉಸಿರು ಬಿಡುವ ಜಾಗ. ಜಗಳ ಬೇಡ, ಮುಂದಕ್ಕೆ ಹೋಗೋಣ.

ಕಾಳಿ_ದಂಡೆ (ಕಾರವಾರ)
ನಮ್ಮೂರಿನವರಿಗಾಗಿ ಒಂದು ಅಡ್ಡಮಾತು. ಓಡಾ ಬಹಳ ಹೆಸರುಗಳನ್ನು ನಿಜವಾದ ಕಡಲ್ಗಳ್ಳರಿಂದ ಎತ್ತಿದ್ದಾನೆ. ರೊರೊನೊವಾ ಜೋರೊನ ಹಿಂದೆ ಫ್ರಾನ್ಸಿನ ಲೊಲೊನೆ, ಬೆಲ್ಲಾಮಿಯ ಹಿಂದೆ ಸ್ಯಾಮ್ಯುಯೆಲ್ ಬೆಲ್ಲಾಮಿ, ಬಾನಿಯ ಹಿಂದೆ ಆನ್ ಬಾನಿ. ಚಾಪ್ಟರ್ 498ರಲ್ಲಿ ಬರುವ ಯೂಸ್ಟಸ್ ಕಿಡ್‌ನ ಹೆಸರಿನ ಅರ್ಧ ವಿಲಿಯಂ ಕಿಡ್‌ನದು. ಆ ಕಿಡ್ 1697ರ ಸೆಪ್ಟೆಂಬರಿನಲ್ಲಿ ಅಡ್ವೆಂಚರ್ ಗ್ಯಾಲಿ ಹಡಗನ್ನು ಕಾರವಾರಕ್ಕೇ ತಂದಿದ್ದ, ಕಟ್ಟಿಗೆ ಮತ್ತು ಕುಡಿಯುವ ನೀರಿಗೆ. ಆಗ ಇಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. ಅವನ ನಾವಿಕರಲ್ಲಿ ಕೆಲವರು ಇಲ್ಲೇ ಹಡಗು ಬಿಟ್ಟು ಓಡಿದರು, ಕೋಠಿಯವರು ಮುಂಬೈಗೆ ದೂರು ಬರೆದರು. 1701ರ ಮೇ 23ರಂದು ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಇಲ್ಲಿಗೆ ಬಂದು ಸರಿಯಾಗಿ 300 ವರ್ಷಕ್ಕೆ ಮಾಂಗಾ ಶುರುವಾಯಿತು.

ಬೈತಖೋಲ_ಬೋಟು (ಕಾರವಾರ)
ಇದು ಗೊತ್ತಿರಲಿಲ್ಲ. ಹಾಗಾದರೆ ಲಾಗ್ ಪೋಸ್ ಕಾರವಾರಕ್ಕೂ ತೋರಿಸುತ್ತಿತ್ತು ಅನ್ನಿ.

ಹೊನ್ನೆಮರ (ಹೊನ್ನಾವರ)
ವಯಸ್ಸಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ವಿಜ್‌ನವರು ಹಾಕಿದ ಗುರುತು ಹದಿಹರೆಯದವರಿಗೆ ಅಂತ, 13ಕ್ಕೆ ಕೊಡಬಹುದು. ರಕ್ತ ಇದೆ, ಆದರೆ ಶುರುವಿನಲ್ಲಿ ಹಿಂದಿನ ಕಾಲದ ಕಥೆಗಳನ್ನು ಬಿಟ್ಟರೆ ಸಾವು ಕಮ್ಮಿ. ಹಡಗಿನ ಅಡುಗೆಯವ ಸಾಂಜಿಯ ಬಾಯಲ್ಲಿ ಸದಾ ಸಿಗರೇಟು, ಎಲ್ಲರ ಕೈಯಲ್ಲಿ ಮದ್ಯ. ನಿಜವಾಗಿ ಭಾರವಾದದ್ದು 490ರ ನಂತರ: ಸಬಾವೊಡಿ ದ್ವೀಪಗಳಲ್ಲಿ ಮನುಷ್ಯರನ್ನು ಹರಾಜು ಹಾಕುವ ದೃಶ್ಯಗಳಿವೆ. 598ರ ನಂತರ ಹೆಂಗಸರನ್ನು ಬರೆಯುವ ರೀತಿ, ಮೈ ತೋರಿಸುವುದು, ಅದರ ಸುತ್ತಲಿನ ತಮಾಷೆ ಜಾಸ್ತಿಯಾಗುತ್ತದೆ, ಇದು ಈ ಕೃತಿಯ ದುರ್ಬಲ ಭಾಗ ಅಂತಲೇ ನನ್ನ ಅಭಿಪ್ರಾಯ. ನೀವೂ ಜೊತೆಗೆ ಓದುವುದರಿಂದ ಮಾತಾಡಲು ಅವಕಾಶ ಇದೆ. ನೀವು ಹತ್ತು ಚಾಪ್ಟರ್ ಮುಂದಿದ್ದರೆ ಸಾಕು.

ಮೊಬೈಲಿನ ಬಗ್ಗೆ: ಕನ್ನಡದಲ್ಲಿ ಇಲ್ಲ, ಇಂಗ್ಲಿಷೇ ಗತಿ. ಅಧಿಕೃತ ಆಪ್ ಎರಡು. ಜಪಾನಿನ ಪ್ರಕಾಶಕರಾದ ಶುಯೆಶಾದವರ ಮಾಂಗಾ ಪ್ಲಸ್‌ನಲ್ಲಿ ಚಾಪ್ಟರುಗಳನ್ನು ಒಂದೊಂದು ಸಲ ಉಚಿತವಾಗಿ ಓದಬಹುದು. ತೆರೆದು ಅರ್ಧಕ್ಕೆ ಬಿಟ್ಟರೂ ಆ ಒಂದು ಸಲ ಮುಗಿದಂತೆ, ಹಾಗಾಗಿ ಸುಮ್ಮನೆ ಇಣುಕಲು ಹೋಗಬೇಡಿ. ಓದುವಾಗ ನೆಟ್ ಇರಲೇಬೇಕು. ಇನ್ನೊಂದು ವಿಜ್‌ನವರ ಶೋನೆನ್ ಜಂಪ್ ಆಪ್, ಭಾರತದಲ್ಲಿ ಸಿಗುತ್ತದೆ, ಮೊದಲ ಮೂರು ಮತ್ತು ಇತ್ತೀಚಿನ ಮೂರು ಬಿಟ್ಟು ಉಳಿದದ್ದಕ್ಕೆ ತಿಂಗಳ ಚಂದಾ ಕಟ್ಟಬೇಕು, ಆದರೆ ಚಾಪ್ಟರುಗಳನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. ಶಿರಸಿಯ ಮಳೆಗಾಲಕ್ಕೆ ಇದೇ ಸರಿ. ಪೇಟೆಗೆ ಬಂದಾಗ ಒಂದು ಆರ್ಕ್ ಪೂರ್ತಿ ಇಳಿಸಿಕೊಳ್ಳಿ, ಕರೆಂಟ್ ಹೋದರೂ ಚಾರ್ಜ್ ಇರುವ ತನಕ ಚಿಂತೆಯಿಲ್ಲ. ಪುಟ ಸರಿಸುವುದು ಅಡ್ಡಕ್ಕೆ ಇರಲಿ. ಎರಡು ಪುಟದ ಚಿತ್ರ ಬಂದಾಗ ಫೋನನ್ನು ಅಡ್ಡ ಹಿಡಿಯಿರಿ, ಇಲ್ಲವಾದರೆ ಚಿತ್ರ ಎರಡು ತುಂಡಾಗಿ, ಮೊದಲು ಯಾವುದು ಅಂತ ಗೊಂದಲ.

ಸೋಂದಾ_ದಾರಿ (ಶಿರಸಿ)
ನಿರ್ಧಾರ ಆಯ್ತು: ತ್ರೀ-ಇನ್-ವನ್ ಮೊದಲ ನಾಲ್ಕು, 100 ದಾಟಿದ ಮೇಲೆ ಆಪ್. ಕೊನೆಯ ಪ್ರಶ್ನೆ, ನಮ್ಮಲ್ಲಿ ಮಳೆಗಾಲಕ್ಕೆ ಪುಸ್ತಕಕ್ಕೆಲ್ಲ ಬೂಸ್ಟು ಹಿಡಿಯುತ್ತದೆ. ಇದಕ್ಕೆ ಎಂತ ಮಾಡುವುದು?

ಅಘನಾಶಿನಿ_ಅಳಿವೆ (ಕುಮಟಾ)
ಈ ಪುಸ್ತಕದ ಕಾಗದ ಒರಟು, ನೀರು ಬೇಗ ಎಳೆಯುತ್ತದೆ. ಪ್ಲಾಸ್ಟಿಕ್ ಸುತ್ತಿಡಬೇಡಿ, ಒಳಗೆ ಸಿಕ್ಕಿದ ತೇವವೇ ಬೂಸ್ಟಾಗುತ್ತದೆ. ಚಿರೆಕಲ್ಲಿನ ಹೊರಗೋಡೆಗೆ ತಾಗಿಸಿ ಕಪಾಟು ಇಡಬಾರದು, ನಾಲ್ಕು ಬೆರಳು ಸಂದು ಬೇಕು. ಕೆಳಗಿನ ಹಲಗೆಯೂ ಬೇಡ. ಗಾಳಿಯಾಡದ ಡಬ್ಬಿ ಇದ್ದರೆ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾಗುವಂಥದ್ದು ತನ್ನಿ, ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಸ್ಟಿಗಲ್ಲ.

ಬೂಸ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಾಗದದೊಳಗೆ ಇಳಿಯುತ್ತದೆ. ಮಳೆ ಬಿಟ್ಟ ದಿನ ಜಗುಲಿಯಲ್ಲಿ ನೆರಳಿಗೆ ಪುಟ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಶ್ಶಿನಿಂದ ಹೊರಗೆ ಉದುರಿಸಿ. ನೇರ ಬಿಸಿಲಿಗೆ ಇಟ್ಟರೆ ಕಾಗದ ಹಳದಿಯಾಗುತ್ತದೆ, ಬೆನ್ನಿನ ಅಂಟೂ ಬಿರಿಯುತ್ತದೆ.

ಹೊನ್ನೆಮರ (ಹೊನ್ನಾವರ)
ಮುಂದೆ ಎಂದಾದರೂ ಈಗಿನ ಚಾಪ್ಟರ್ ಮುಟ್ಟಿದರೆ: ಹೊಸದು ಬರುವುದು ಭಾನುವಾರ ರಾತ್ರಿ 8:30ಕ್ಕೆ, ಜಪಾನಿನಲ್ಲಿ ಆಗ ಸೋಮವಾರ ಶುರು. ಪ್ರತಿ ವಾರ ಇರುವುದಿಲ್ಲ, ಲೇಖಕನ ರಜೆ ಆಗಾಗ ಇರುತ್ತದೆ. ಅಲ್ಲಿಯ ತನಕ ಯೂಟ್ಯೂಬಿನಲ್ಲಿ ವನ್ ಪೀಸ್ ಅಂತ ಹುಡುಕಬೇಡಿ. ವಿಡಿಯೋದ ಹೊರಚಿತ್ರದಲ್ಲೇ ಕಥೆ ಒಡೆದಿರುತ್ತಾರೆ.